ಕಪ್ಪೆ ಕೂರಿಸಿದರೆ ಸಾಲದು

ಪ್ರೀತಿಯ ಸಿರಿ,

ನಿನ್ನ ಉದ್ದದ ಮೇಲ್ ಬಂದ ದಿನವೇ ಓದಿದೆ. ಫೋನ್ ಮಾಡಿ ಹೇಳಬಹುದಿತ್ತು, ಆದರೆ ನೀನು ಕೇಳಿದ್ದು ಫೋನಿನಲ್ಲಿ ಮುಗಿಯುವ ಮಾತಲ್ಲ. ಕೆಲಸಕ್ಕೆ ಸೇರಿದ ವರ್ಷವೇ ಬಯೋಟೆಕ್ ಮಕ್ಕಳ ಬಯೋಫಿಸಿಕ್ಸ್ ಪೇಪರನ್ನು ನಿನ್ನ ತಲೆಗೆ ಕಟ್ಟಿದ್ದಾರೆ ಅಂತ ಬರೆದಿದ್ದೀಯ. ಡಿಪಾರ್ಟ್‌ಮೆಂಟಿನ ಹಿರಿಯರಿಗೆ ಬೇಡವಾದ ಪೇಪರ್ ಹೊಸಬರ ಪಾಲಿಗೆ ಬರುವುದು ಎಲ್ಲ ಕಡೆಯ ಪದ್ಧತಿ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನನಗೂ ಹಾಗೇ ಬಂದದ್ದು. ಈಗ ಯಾರಾದರೂ ಅದನ್ನು ಕಿತ್ತುಕೊಳ್ಳಲು ಬಂದರೆ ಜಗಳಕ್ಕೇ ನಿಲ್ಲುತ್ತೇನೆ.

ಮೊದಲು ಮನೆಯ ಮಾತು. ಮಳೆ ಹೊಳವಾಗದೆ ಅಡಿಕೆಗೆ ಎರಡನೇ ಸಲದ ಔಷಧಿ ಹೊಡೆಯಲು ಆಗಿಲ್ಲ, ಕೊಳೆ ಬಂದರೆ ಈ ವರ್ಷದ ಫಸಲು ಅಷ್ಟೇ ಅಂತ ಅಣ್ಣ ಮೊನ್ನೆ ಗೊಣಗಿದ. ಆಯಿಯ ಮೊಣಕಾಲಿಗೆ ಆಪರೇಷನ್ ಬೇಡವಂತೆ, ಫಿಸಿಯೋಥೆರಪಿ ಸಾಕಂತೆ. ನೀನು ಊರಿಗೆ ಹೋದಾಗ ಅವಳು ನಿಜವಾಗಿ ವ್ಯಾಯಾಮ ಮಾಡುತ್ತಾಳೋ, ಮಾಡಿದೆ ಅಂತ ಸುಳ್ಳು ಹೇಳುತ್ತಾಳೋ ಸ್ವಲ್ಪ ನೋಡು. ನನಗೆ ಎರಡನೆಯದೇ ಅನುಮಾನ.

ಇನ್ನು ನಿನ್ನ ಕ್ಲಾಸಿನ ಸಂಗತಿ. ಮೊದಲ ದಿನವೇ ಒಬ್ಬಳು ಎದ್ದು ನಿಂತು, “ಮ್ಯಾಮ್, ನೀಟ್ ಜತೆಗೆ ಫಿಸಿಕ್ಸೂ ಮುಗೀತು ಅಂದ್ಕೊಂಡಿದ್ವಿ, ಮತ್ತೆ ಯಾಕೆ?” ಅಂದಳಂತೆ, ಕ್ಲಾಸೆಲ್ಲ ನಕ್ಕಿತಂತೆ. ಅವಳ ಮೇಲೆ ಸಿಟ್ಟಾಗಬೇಡ, ಕೂಸೆ. ನೀಟ್‌ನ 180 ಪ್ರಶ್ನೆಗಳಲ್ಲಿ 45 ಫಿಸಿಕ್ಸಿನವು. ಅದಕ್ಕಾಗಿ ಅವಳು ಎರಡು ವರ್ಷ ಕೋಚಿಂಗಿನಲ್ಲಿ ಕಂಡದ್ದು ಇಳಿಜಾರಿನ ಮೇಲೆ ಜಾರುವ ಮರದ ತುಂಡು, ತೂಕವಿಲ್ಲದ ರಾಟೆ, ಗಾಳಿಯೇ ಇಲ್ಲದ ಊರಿನಲ್ಲಿ ಹಾರುವ ಗುಂಡು. ಉಸಿರಾಡುವ ವಸ್ತು ಒಂದಾದರೂ ಆ ಲೆಕ್ಕಗಳಲ್ಲಿ ಬಂದದ್ದು ಅಪರೂಪ. ಜೀವಶಾಸ್ತ್ರದ ಆಸೆಯಿಂದ ಬಂದವಳು “ಯಾಕೆ” ಅಂತ ಕೇಳದೆ ಇನ್ನೇನು ಕೇಳಬೇಕು? ಕ್ಲಾಸಿನಲ್ಲಿ ಬೇರೆಯವರ ಮನಸ್ಸಿನಲ್ಲೂ ಅದೇ ಇದೆ, ಬಾಯಿ ಬಿಟ್ಟವಳು ಅವಳು. ಅವಳನ್ನು ಮೊದಲ ಬೆಂಚಿಗೆ ಕರೆ.

ನಮ್ಮ ಕಡೆ ಈ ಎರಡು ವಿಷಯಗಳ ದಾರಿ ಪಿಯುಸಿ ದಾಟಿದ ಕೂಡಲೇ ಬೇರೆಯಾಗುತ್ತದೆ. ಬಿಎಸ್ಸಿಯಲ್ಲಿ ಸಿಬಿಝಡ್ ತಗೊಂಡವರಿಗೆ ಫಿಸಿಕ್ಸೇ ಇಲ್ಲ. ಎಂಬಿಬಿಎಸ್‌ನಲ್ಲೂ ಅದಕ್ಕೊಂದು ಬೇರೆ ಪೇಪರಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ಪದವಿ ಶುರು ಮಾಡಿದಾಗ ಜೀವಶಾಸ್ತ್ರಕ್ಕೆ ಹೋಗುವವರೂ ಮೊದಲ ಮೂರು ಸೆಮಿಸ್ಟರ್ ಫಿಸಿಕ್ಸ್ ಓದಬೇಕು ಅಂತ ಮಾಡಿತು. ಅಂಥದ್ದು ನಮ್ಮಲ್ಲಿ ಬೆರಳೆಣಿಕೆಯಷ್ಟು.

ಇಲ್ಲಿಯ ಕಥೆ ಬೇರೆ. ಡಾಕ್ಟರಾಗುವವರು ಮೊದಲು ಒಂದು ಪದವಿ ಮುಗಿಸಬೇಕು, ಆ ಪದವಿಯಲ್ಲಿ ಒಂದು ವರ್ಷ ಫಿಸಿಕ್ಸ್ ಓದುವುದು ಬಹುಕಾಲದ ವಾಡಿಕೆ. ಹಾಗಾಗಿ ಎಷ್ಟೋ ವಿಶ್ವವಿದ್ಯಾಲಯಗಳ ಮೊದಲ ಹಂತದ ಫಿಸಿಕ್ಸ್ ಹಾಲಿನಲ್ಲಿ ಫಿಸಿಕ್ಸ್ ಓದುವವರಿಗಿಂತ ಜೀವವಿಜ್ಞಾನದವರೇ ಹೆಚ್ಚು. ಹೀಗಿದ್ದೂ ದಶಕಗಟ್ಟಲೆ ಅವರಿಗೆ ಬಡಿಸಿದ್ದು ಎಂಜಿನಿಯರಿಂಗ್ ಮಕ್ಕಳ ಅಡುಗೆಯನ್ನೇ, ಕ್ಯಾಲ್ಕುಲಸ್ ಸೋಸಿ ತೆಗೆದು. ಬದಲಾವಣೆಯ ಗಾಳಿ ಬೀಸಿದ್ದು ಜೀವಶಾಸ್ತ್ರದ ಕಡೆಯಿಂದ. 2003ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನ ‘ಬಯೋ 2010’ ವರದಿ ಬಂತು. 2009ರಲ್ಲಿ ವೈದ್ಯಕೀಯ ಕಾಲೇಜುಗಳ ಸಂಘವೂ ಹೊವಾರ್ಡ್ ಹ್ಯೂಸ್ ಸಂಸ್ಥೆಯೂ ಸೇರಿ, ಡಾಕ್ಟರಾಗುವವರು ಯಾವ ಕೋರ್ಸಿಗೆ ಕೂತಿದ್ದರು ಎನ್ನುವುದಕ್ಕಿಂತ ಏನು ಬಲ್ಲರು ಎಂದು ಕೇಳೋಣ ಎಂದವು. ಮರುವರ್ಷ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೋ ರೆಡಿಶ್ ಮತ್ತು ಜತೆಯವರು ಹ್ಯೂಸ್ ಸಂಸ್ಥೆಯ ಹಣದಲ್ಲಿ ‘ನೆಕ್ಸಸ್ ಫಿಸಿಕ್ಸ್’ ಕಟ್ಟಲು ಹೊರಟರು. ಜೀವಶಾಸ್ತ್ರ, ರಸಾಯನಶಾಸ್ತ್ರದವರನ್ನೂ ಜತೆಗೆ ಕೂರಿಸಿಕೊಂಡು, ಏನು ಇರಬೇಕು, ಏನು ಬಿಡಬೇಕು ಎಂಬ ಚರ್ಚೆಯಿಂದಲೇ ಶುರು ಮಾಡಿದರು. ಸ್ವಾರ್ಥ್‌ಮೋರ್ ಕಾಲೇಜಿನ ಕ್ಯಾಥರೀನ್ ಕ್ರೌಚ್, ಮಿನೆಸೋಟಾದ ಕೆನ್ ಹೆಲರ್ ಇದೇ ಹಾದಿಯಲ್ಲಿ ನಡೆದು 2014ರಲ್ಲಿ ಬರೆದ ಲೇಖನವನ್ನು ನಿನಗೆ ಕಳಿಸುತ್ತೇನೆ, ಓದು. 2015ರಲ್ಲಿ ಇಲ್ಲಿಯ ವೈದ್ಯಕೀಯ ಪ್ರವೇಶ ಪರೀಕ್ಷೆಯೇ ಬದಲಾಯಿತು. ಫಿಸಿಕ್ಸ್, ಕೆಮಿಸ್ಟ್ರಿ ಎರಡನ್ನೂ ಜೀವವ್ಯವಸ್ಥೆಗಳ ಬುನಾದಿ ಎಂದು ಒಂದೇ ವಿಭಾಗದಲ್ಲಿ ಇಟ್ಟರು. ಪರೀಕ್ಷೆ ಬದಲಾದ ಮೇಲೆ ಅದುವರೆಗೆ ಕಿವಿ ಕೊಡದ ಡಿಪಾರ್ಟ್‌ಮೆಂಟುಗಳೂ ಕಿವಿ ಕೊಟ್ಟವು. ನಮ್ಮಲ್ಲಿ ನೀಟ್ ಬದಲಾಗುವ ದಿನ ಪಿಯುಸಿ ಪಾಠವೂ ತಾನಾಗಿ ಬದಲಾಗುತ್ತದೆ. ಅದಕ್ಕೆ ಮೊದಲು ಆಗುತ್ತದೆ ಅಂತ ನನಗೆ ನಂಬಿಕೆಯಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಜೀವಶಾಸ್ತ್ರದವರಿಗಾಗಿ ಫಿಸಿಕ್ಸ್ ಎಂಬ ಹೆಸರಿನಲ್ಲಿ ಬರುವ ಎಷ್ಟೋ ಪುಸ್ತಕಗಳು ಮಾಡುವುದು ಇಷ್ಟೇ: ಇಳಿಜಾರಿನ ಮೇಲಿದ್ದ ಮರದ ತುಂಡು ತೆಗೆದು ಅಲ್ಲಿ ಒಂದು ಕಪ್ಪೆಯನ್ನು ಕೂರಿಸುತ್ತವೆ. ಲೆಕ್ಕ ಅದೇ, ಉತ್ತರ ಅದೇ. ಕಪ್ಪೆಯ ಬಗ್ಗೆ ಹೊಸದೇನೂ ಗೊತ್ತಾಗುವುದಿಲ್ಲ. ಮಕ್ಕಳಿಗೆ ಈ ಆಟ ತಕ್ಷಣ ಅರ್ಥವಾಗುತ್ತದೆ, ಮೊದಲಿಗಿಂತ ಹೆಚ್ಚು ಬೇಸರ ಬರುತ್ತದೆ. ಇವರಿಗೆ ಬೇಕಾದದ್ದು ಸುಲಭದ ಫಿಸಿಕ್ಸ್ ಅಲ್ಲ, ಬೇರೆ ಫಿಸಿಕ್ಸ್. ಉತ್ಕ್ಷೇಪಕ, ಗ್ರಹಗಳ ಕಕ್ಷೆ, ಕಾರ್ನೋ ಎಂಜಿನ್ ನಾನು ಪೂರ್ತಿ ಬಿಟ್ಟಿದ್ದೇನೆ. ತಿರುಗುವ ಚಕ್ರಗಳೂ ಹೆಚ್ಚುಕಡಿಮೆ ಹೋದವು. ದ್ರವಗಳ ಹರಿವು, ವಿಸರಣ, ಕಣಗಳ ಅಡ್ಡಾದಿಡ್ಡಿ ಚಲನೆ, ಎಂಟ್ರೊಪಿ, ಉಪ್ಪುನೀರಿನೊಳಗಿನ ವಿದ್ಯುತ್, ಇವು ಬಂದವು. ಇವು ಹಳೆಯವಕ್ಕಿಂತ ಕಷ್ಟ. “ಜೀವಶಾಸ್ತ್ರದವರಿಗೆ ಅಷ್ಟೆಲ್ಲ ಬೇಡ” ಅಂತ ನಿಮ್ಮ ಎಚ್‌ಓಡಿ ಹೇಳಿದರೆ ತಲೆಯಾಡಿಸಿ ಎದ್ದು ಬಾ, ಪಾಠ ಮಾತ್ರ ತೆಳು ಮಾಡಬೇಡ.

ಬೇರೆ ಫಿಸಿಕ್ಸ್ ಅಂದರೆ ಎಷ್ಟು ಬೇರೆ? ಬ್ಯಾಕ್ಟೀರಿಯಾ ತಗೋ. ನ್ಯೂಟನ್ನನ ಮೊದಲ ನಿಯಮ ಹೇಳಿಕೊಟ್ಟು, ತಳ್ಳುವುದನ್ನು ನಿಲ್ಲಿಸಿದರೂ ವಸ್ತು ಸಾಗುತ್ತಲೇ ಇರುತ್ತದೆ ಅನ್ನುತ್ತೇವೆ. ಈಜುತ್ತಿರುವ ಇ. ಕೋಲೈ ತನ್ನ ಬಾಲ ತಿರುಗಿಸುವುದನ್ನು ನಿಲ್ಲಿಸಿದರೆ ಎಷ್ಟು ದೂರ ಸಾಗೀತು? ಎಡ್ವರ್ಡ್ ಪರ್ಸೆಲ್ 1977ರಲ್ಲಿ ಅಚ್ಚಾದ ತಮ್ಮ ಉಪನ್ಯಾಸದಲ್ಲಿ ಇದರ ಲೆಕ್ಕ ಕೊಟ್ಟಿದ್ದಾರೆ: ಒಂದು ಪರಮಾಣುವಿನ ಅಗಲಕ್ಕಿಂತ ಕಡಿಮೆ! ಅಷ್ಟು ಚಿಕ್ಕ ಮೈಗೆ ನೀರಿನ ಸ್ನಿಗ್ಧತೆಯೇ ಎಲ್ಲ, ಜಡತ್ವ ಲೆಕ್ಕಕ್ಕೇ ಇಲ್ಲ. ನ್ಯೂಟನ್ ಅಲ್ಲೂ ಸರಿಯೇ, ಆದರೆ ಅಲ್ಲಿಯ ಬದುಕು ನಮ್ಮ ಪಠ್ಯಪುಸ್ತಕದ ಬದುಕಲ್ಲ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನವರೂ ಫೋನ್ ಕೆಳಗಿಡುತ್ತಾರೆ. ಈ ಪರ್ಸೆಲ್ ಅವರಿಗೆ 1952ರಲ್ಲಿ ನೊಬೆಲ್ ಬಂದದ್ದು ಮುಂದೆ ಎಂಆರ್‌ಐಗೆ ದಾರಿಯಾದ ಕೆಲಸಕ್ಕೆ ಎಂದು ಹೇಳುವುದನ್ನು ಮರೆಯಬೇಡ.

ಹೋದ ಸೆಮಿಸ್ಟರ್ ಒಂದು ಮಧ್ಯಾಹ್ನ ನರ್ಸಿಂಗಿಗೆ ಹೋಗುವ ಹುಡುಗಿಯೊಬ್ಬಳು ನನ್ನ ರೂಮಿಗೆ ಎರಡು ನೋಟ್‌ಬುಕ್ ಹಿಡಿದು ಬಂದಳು. ಒಂದರಲ್ಲಿ ಜೀವಶಾಸ್ತ್ರದ ಪಾಠ: ಎಟಿಪಿಯ ಬಂಧ ಒಡೆದಾಗ ಶಕ್ತಿ ಬಿಡುಗಡೆಯಾಗುತ್ತದೆ. ಇನ್ನೊಂದರಲ್ಲಿ ನನ್ನ ಪಾಠ: ಯಾವುದೇ ಬಂಧ ಒಡೆಯಲು ಶಕ್ತಿ ಕೊಡಬೇಕು. ಎರಡಕ್ಕೂ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಳು. “ಯಾವ ಡಿಪಾರ್ಟ್‌ಮೆಂಟಿಗೆ ಯಾವ ಉತ್ತರ ಬರೆಯಲಿ?” ಅಂತ ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ್ದು. 1990ರ ಸುಮಾರಿಗೆ ಹಾರ್ವರ್ಡಿನ ಎರಿಕ್ ಮಜೂರ್, ಡಾಕ್ಟರಾಗಲು ಹೊರಟವರು ತುಂಬಿದ್ದ ಕ್ಲಾಸಿಗೆ ಬಲದ ಬಗ್ಗೆ ತೀರಾ ಸರಳವಾದ ಪರೀಕ್ಷೆಯೊಂದನ್ನು ಕೊಟ್ಟಾಗ ಒಬ್ಬಳು ಇಂಥದ್ದೇ ಮಾತು ಕೇಳಿದ್ದಳು: ನೀವು ಕಲಿಸಿದ ಹಾಗೆ ಬರೆಯಲೋ, ನನಗೆ ಅನಿಸುವ ಹಾಗೆ ಬರೆಯಲೋ? ಮಜೂರ್ ಪಾಠ ಮಾಡುವ ಕ್ರಮವನ್ನೇ ಬದಲಿಸಿದರು. ನಡುನಡುವೆ ಒಂದು ಪ್ರಶ್ನೆ ಎಸೆದು, ಪಕ್ಕದವರ ಜತೆ ವಾದ ಮಾಡಿ ಆಮೇಲೆ ಉತ್ತರ ಹೇಳಿ ಅನ್ನುವ ಆ ಪದ್ಧತಿಯನ್ನು ನೀನೂ ಹಿಡಿ. ಕ್ಲಾಸಿನಲ್ಲಿ ಗಲಾಟೆಯಾಗುತ್ತದೆ, ಪಕ್ಕದ ರೂಮಿನ ಮೇಷ್ಟ್ರು ಬಂದು ಇಣುಕುತ್ತಾರೆ. ಇಣುಕಲಿ.

ಆ ಹುಡುಗಿಗೆ ನಾನು ಹೇಳಿದ್ದನ್ನು ನಿನಗೂ ಹೇಳುತ್ತೇನೆ, ಈ ಜಾಗದಲ್ಲಿ ನಿನ್ನ ಮಕ್ಕಳೂ ಖಂಡಿತ ತೊಡರುತ್ತಾರೆ. ನಮ್ಮ ತೋಟದ ಹಳೇ ಬಾವಿಯ ಪಕ್ಕದಲ್ಲಿ ಅದಕ್ಕಿಂತ ಆಳದ ಇನ್ನೊಂದು ಬಾವಿ ಇದೆ ಅಂದುಕೋ. ಕಡಿಮೆ ಆಳದ ಬಾವಿಯಿಂದ ಕಲ್ಲನ್ನು ಮೇಲೆತ್ತಲು ಶಕ್ತಿ ಖರ್ಚಾಗುತ್ತದೆ, ಆಳದ ಬಾವಿಗೆ ಅದನ್ನು ಬಿಟ್ಟಾಗ ಖರ್ಚಾದದ್ದಕ್ಕಿಂತ ಹೆಚ್ಚು ವಾಪಸು ಬರುತ್ತದೆ. ಎಟಿಪಿಯ ಬಂಧವೂ ನೀರಿನ ಅಣುವಿನ ಬಂಧವೂ ಒಡೆಯಲು ಶಕ್ತಿ ಬೇಕು, ಅದು ಮೇಲೆತ್ತುವ ಖರ್ಚು. ಆಮೇಲೆ ಎಡಿಪಿ, ಫಾಸ್ಫೇಟ್, ಸುತ್ತಲಿನ ನೀರು ಇವೆಲ್ಲ ಹೊಸದಾಗಿ ಹೊಂದಿಕೊಳ್ಳುವಾಗ ಅದಕ್ಕಿಂತ ಹೆಚ್ಚು ಬಿಡುಗಡೆಯಾಗುತ್ತದೆ. ಒಟ್ಟು ಲೆಕ್ಕದಲ್ಲಿ, ಪ್ರಮಾಣಕ ಸ್ಥಿತಿಯಲ್ಲಿ, ಮೋಲ್‌ಗೆ ಸುಮಾರು 30 ಕಿಲೋಜೂಲ್ ಜೀವಕೋಶದ ಕೈಗೆ ಸಿಗುತ್ತದೆ. ಇದನ್ನು ಕೇಳಿದ ಮೇಲೆ ನಮ್ಮ ಫಿಸಿಕ್ಸಿನವರು “ನೋಡಿದ್ಯಾ, ಜೀವಶಾಸ್ತ್ರದವರದು ತಪ್ಪು” ಅಂತ ಬೀಗುತ್ತಾರೆ. ಅದು ಬೇಡ. ಮೇರಿಲ್ಯಾಂಡಿನವರು ಇದನ್ನೇ ಕೂತು ಯೋಚಿಸಿ ಬರೆದಿದ್ದಾರೆ: ಜೀವಕೋಶದಲ್ಲಿ ನೀರು ಇಲ್ಲದ ಗಳಿಗೆಯೇ ಇಲ್ಲ, ಹಾಗಾಗಿ ಜೀವಶಾಸ್ತ್ರಜ್ಞ ನೀರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಫಿಸಿಕ್ಸಿನವ ಬಂಧವೊಂದನ್ನೇ ಬೇರ್ಪಡಿಸಿ ನೋಡುತ್ತಾನೆ. ಇಬ್ಬರೂ ಯಾವ ವ್ಯವಸ್ಥೆಯ ಬಗ್ಗೆ ಮಾತಾಡುತ್ತಿದ್ದೇವೆ ಎಂದು ಹೇಳದೆ ಮಾತಾಡುತ್ತಾರೆ, ಮಧ್ಯೆ ಮಕ್ಕಳು ಎರಡು ನೋಟ್‌ಬುಕ್ ಹಿಡಿದು ಓಡಾಡುತ್ತಾರೆ.

ನೀನು ಚಿಕ್ಕವಳಿದ್ದಾಗ ತೋಟದ ಬಸಿಗಾಲುವೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿನ ಮೇಲೆ ಓಡಾಡುವ ಹುಳ ನೋಡುತ್ತಿದ್ದೆ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ. ನಿನ್ನ ಅಮ್ಮ ನನ್ನನ್ನು ಬೈಯುತ್ತಿದ್ದಳು, ನಾನು ಪಕ್ಕದಲ್ಲೇ ಕೂತು ಸೂಜಿ ತೇಲಿಸಿ ತೋರಿಸುತ್ತಿದ್ದೆನಲ್ಲ! ಆ ತೋಟದಲ್ಲಿ ನಿನ್ನ ಒಂದು ತಿಂಗಳ ಪಾಠಕ್ಕೆ ಆಗುವಷ್ಟು ಸರಕಿದೆ. ಐವತ್ತು ಅಡಿ ಎತ್ತರದ ಅಡಿಕೆ ಮರದ ಸುಳಿಗೆ ನೀರು ಹೇಗೆ ಏರುತ್ತದೆ ಅಂತ ಕೇಳು. ಬಾವಿಯ ದಂಡೆಯಲ್ಲಿ ಪಂಪಿಟ್ಟು ಹೀರಿದರೆ ನೀರು ಹೆಚ್ಚೆಂದರೆ 10 ಮೀಟರ್ ಏರೀತು, ನಿಜವಾದ ಪಂಪುಗಳು ಏಳೆಂಟಕ್ಕೇ ಸೋಲುತ್ತವೆ. ಬಾವಿಯೊಳಗೆ ಪಂಪ್ ಇಳಿಸಬೇಕಾದದ್ದು ಅದಕ್ಕೇ ಎಂದು ಅಣ್ಣನಿಗೂ ಗೊತ್ತು. ಕೇಶಾಕರ್ಷಣೆ ಅನ್ನುತ್ತಾರೆ ಕೆಲವರು. ಲೆಕ್ಕ ಹಾಕಿಸು: 20 ಮೈಕ್ರಾನ್ ತ್ರಿಜ್ಯದ ನಾಳದಲ್ಲಿ ಅದು ನೀರನ್ನು ಎತ್ತುವುದು ಮುಕ್ಕಾಲು ಮೀಟರ್, ನಮ್ಮ ಸೊಂಟದ ಹತ್ತಿರ. ಆಗ ಬಾಟನಿ ಓದಿದವರು “ಎಲೆಯಿಂದ ಆವಿಯಾಗುವ ನೀರು ಕೆಳಗಿನದನ್ನು ಎಳೆಯುತ್ತದೆ ಮ್ಯಾಮ್” ಅನ್ನುತ್ತಾರೆ. ಪಿಯುಸಿ ಪುಸ್ತಕದಲ್ಲಿ ಹಾಗೇ ಇದೆ, ಸರಿ. ಅಲ್ಲಿಗೆ ಬಿಡಬೇಡ. ದಾರದ ಹಾಗೆ ನೀರನ್ನು ಎಳೆಯಬಹುದೇ? ತುಂಡಾಗುವುದಿಲ್ಲವೇ? ಒತ್ತಡ ಸೊನ್ನೆಗಿಂತ ಕೆಳಗಿಳಿಯಬಹುದೇ? ಇಳಿಯುತ್ತದೆ. ಕಿರಿದಾದ ನಾಳದೊಳಗೆ ಗಾಳಿಗುಳ್ಳೆ ಹುಟ್ಟಲು ಅವಕಾಶವಿಲ್ಲದಿದ್ದರೆ ನೀರು ಆ ಎಳೆತವನ್ನು ತಾಳಿಕೊಳ್ಳುತ್ತದೆ. ಬರಗಾಲದಲ್ಲಿ ಎಳೆತ ಮಿತಿಮೀರಿ ಗುಳ್ಳೆ ಬಂದರೆ ಆ ನಾಳದ ನೀರು ಕಡಿದುಹೋಗುತ್ತದೆ. 1894ರಲ್ಲಿ ಡಬ್ಲಿನ್ನಿನ ಹೆನ್ರಿ ಡಿಕ್ಸನ್ ಎಂಬ ಸಸ್ಯಶಾಸ್ತ್ರಜ್ಞ ಮತ್ತು ಜಾನ್ ಜಾಲಿ ಎಂಬ ಭೌತವಿಜ್ಞಾನಿ ಈ ವಿವರಣೆಯನ್ನು ಜತೆಯಾಗಿ ಮುಂದಿಟ್ಟರು. ಇಂಥ ಕೆಲಸ ಇಬ್ಬರು ಸೇರಿದರೇ ಆಗುವುದು ಅಂತ ನನ್ನ ನಂಬಿಕೆ.

ಗಣಿತ ಅಂದರೆ ಈ ಮಕ್ಕಳು ಹೆದರುತ್ತಾರೆ ಅಂತ ಬರೆದಿದ್ದೀಯ. ಹೆದರಿಕೆಗಿಂತ ಹೆಚ್ಚಾಗಿ ಅದು ಅಪನಂಬಿಕೆ. ಮೇರಿಲ್ಯಾಂಡಿನ ಜೀವಶಾಸ್ತ್ರದ ಕ್ಲಾಸೊಂದರಲ್ಲಿ ಒಬ್ಬ ವಿದ್ಯಾರ್ಥಿನಿಗೆ ವಿಸರಣದ ಸಮೀಕರಣ ಕಂಡರಾಗುತ್ತಿರಲಿಲ್ಲ, ಜೀವಶಾಸ್ತ್ರಕ್ಕೆ ಇದೆಲ್ಲ ಯಾಕೆ ಅನ್ನುತ್ತಿದ್ದಳು. ಅದೇ ಕ್ಲಾಸಿನಲ್ಲಿ ಮೇಷ್ಟ್ರು ಚಿಕ್ಕದೊಂದು ಮರದ ಕುದುರೆ ತೋರಿಸಿ, ಎಲ್ಲ ಅಳತೆಯೂ ದೊಡ್ಡದಾದ ಇನ್ನೊಂದರ ಕಾಲು ಮೈಭಾರಕ್ಕೆ ಸೋಲುವುದನ್ನು ತೋರಿಸಿದಾಗ ಅವಳೇ ಮೆಚ್ಚಿಕೊಂಡಳು. ತೂಕ ಅಳತೆಯ ಘನದಂತೆ, ಕಾಲಿನ ಬಲ ವರ್ಗದಂತೆ ಬೆಳೆಯುತ್ತದೆ ಎನ್ನುವುದೂ ಗಣಿತವೇ ತಾನೆ? ಅವಳಿಗೆ ಬೇಡವಾಗಿದ್ದದ್ದು ಏನನ್ನೂ ತಿಳಿಸಿಕೊಡದ ಸಮೀಕರಣ. ನಿನ್ನ ಮಕ್ಕಳನ್ನು ಶಿವಮೊಗ್ಗದ ಹತ್ತಿರ ಸಕ್ರೆಬೈಲಿಗೆ ಒಮ್ಮೆ ಕರೆದುಕೊಂಡು ಹೋಗಿ ಆನೆಯ ಕಾಲನ್ನೂ ಪಕ್ಕದ ನಾಯಿಯ ಕಾಲನ್ನೂ ನೋಡಿಸು, ಲೆಕ್ಕ ಅವರೇ ಹಾಕುತ್ತಾರೆ. ಹಾಗೇ ರಕ್ತನಾಳ. ತ್ರಿಜ್ಯ ಐದರಲ್ಲಿ ಒಂದು ಪಾಲು ಕಿರಿದಾದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಅರ್ಧಕ್ಕಿಂತ ಕೆಳಗಿಳಿಯುತ್ತದೆ, ತ್ರಿಜ್ಯದ ನಾಲ್ಕನೇ ಘಾತ ಅಲ್ಲಿ ಕೂತಿರುವುದರಿಂದ. ಆ ನಿಯಮ ಕಂಡುಹಿಡಿದ ಪ್ವಾಸೂಯ್ ಡಾಕ್ಟರು. ವಿಸರಣದ ನಿಯಮ ಬರೆದ ಫಿಕ್ ಶರೀರಶಾಸ್ತ್ರಜ್ಞ. ಶಕ್ತಿ ನಾಶವಾಗುವುದಿಲ್ಲ ಎಂದು 1842ರಲ್ಲೇ ಬರೆದ ರಾಬರ್ಟ್ ಮೇಯರ್ ಹಡಗಿನ ಡಾಕ್ಟರು. ಜಾವಾದಲ್ಲಿ ನಾವಿಕರ ಅಭಿಧಮನಿಯ ರಕ್ತ ಅಷ್ಟು ಕೆಂಪಾಗಿರುವುದೇಕೆ ಎಂಬ ಯೋಚನೆಯಿಂದ ಅಲ್ಲಿಗೆ ಮುಟ್ಟಿದವನು. ಫಿಸಿಕ್ಸ್ ನಮ್ಮದಲ್ಲ ಅನ್ನುವವರಿಗೆ ಈ ಹೆಸರುಗಳನ್ನು ಹೇಳು.

ನಿನ್ನ ಕೈಯಲ್ಲಿ ಏನಿಲ್ಲ ಅನ್ನುವುದೂ ನನಗೆ ಗೊತ್ತು. ಸಿಲಬಸ್ ವಿಶ್ವವಿದ್ಯಾಲಯದ್ದು, ಕೊನೆಯ ಪರೀಕ್ಷೆ ಅವರದು. ಆದರೆ ಪ್ರತಿ ಯೂನಿಟ್ಟಿನ ಮೊದಲ ಹತ್ತು ನಿಮಿಷ ನಿನ್ನದು, ಉದಾಹರಣೆ ನಿನ್ನದು, ಇಂಟರ್ನಲ್ಸ್ ಪ್ರಶ್ನೆ ನಿನ್ನದು. ಲ್ಯಾಬಿಗೆ ದುಡ್ಡಿಲ್ಲ ಅಂತ ಕೈಚೆಲ್ಲಬೇಡ. ಬಾಟನಿ ಲ್ಯಾಬಿನ ಮೈಕ್ರೋಸ್ಕೋಪ್ ಕೇಳಿ ತಗೊ, ಒಂದು ತೊಟ್ಟು ಹಾಲನ್ನು ಬಹಳಷ್ಟು ನೀರಿಗೆ ಬೆರೆಸಿ ಸ್ಲೈಡಿಗೆ ಹಾಕು, ಮೇಲೆ ಕವರ್ ಸ್ಲಿಪ್ ಇಡು, 400 ಪಟ್ಟು ಹಿಗ್ಗಿಸಿ ನೋಡಿಸು. ಜಿಡ್ಡಿನ ಕಣಗಳು ನಿಂತಲ್ಲಿ ನಿಲ್ಲದೆ ನಡುಗುತ್ತಿರುತ್ತವೆ. ಫೋನಿನ ಕ್ಯಾಮೆರಾವನ್ನು ಐಪೀಸಿಗೆ ಹಿಡಿದು ವಿಡಿಯೋ ತೆಗೆಸು, ಒಂದೇ ಕಣ ಐದೈದು ಸೆಕೆಂಡಿಗೆ ಎಲ್ಲಿತ್ತು ಅಂತ ಗುರುತು ಹಾಕಿಸು. ಯಾರಾದರೂ ಒಬ್ಬರು “ಇವು ಜೀವಂತವಾ?” ಅಂತ ಕೇಳಿಯೇ ಕೇಳುತ್ತಾರೆ, ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಕೇಳುತ್ತಾರೆ. 1827ರಲ್ಲಿ ಪರಾಗದೊಳಗಿನ ಕಣಗಳನ್ನು ನೋಡಿದ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್‌ಗೂ ಅದೇ ಸಂಶಯ ಬಂದಿತ್ತು. ಗಾಜು, ಕಲ್ಲು, ಕೊನೆಗೆ ಈಜಿಪ್ಟಿನ ಸ್ಫಿಂಕ್ಸಿನ ಚೂರನ್ನೂ ಅರೆದು ನೀರಿಗೆ ಹಾಕಿ ನೋಡಿದ. ಅವೂ ನಡುಗಿದವು. ಈ ಕಥೆಯನ್ನು ಮೊದಲೇ ಹೇಳಬೇಡ. ಪ್ರಶ್ನೆ ಅವರ ಬಾಯಿಂದ ಬರುವವರೆಗೆ ಕಾಯಿ, ಆಮೇಲೆ “ಜೀವವಿಲ್ಲ ಅಂತ ತೋರಿಸಲು ಏನು ಮಾಡುತ್ತೀರಿ?” ಅಂತ ಅವರನ್ನೇ ಕೇಳು.

ಆ ಗುರುತುಗಳಿಂದಲೇ ವಿಸರಣಕ್ಕೆ ಹೋಗಬಹುದು. ದೂರ ಎರಡು ಪಟ್ಟಾದರೆ ಬೇಕಾಗುವ ಸಮಯ ನಾಲ್ಕು ಪಟ್ಟು. ನೀರಿನಲ್ಲಿ ಆಮ್ಲಜನಕ 10 ಮೈಕ್ರಾನ್ ದಾಟಲು ಸೆಕೆಂಡಿನ ನೂರರಲ್ಲಿ ಕೆಲವು ಪಾಲು ಸಾಕು, ಒಂದು ಸೆಂಟಿಮೀಟರಿಗೆ ಗಂಟೆಗಟ್ಟಲೆ ಬೇಕು. ನಮಗೆ ಹೃದಯ ಯಾಕಿದೆ ಅಂತ ಆಗ ಕೇಳು.

ನನಗಿರುವ ಚಿಂತೆ ಒಂದೇ. ಇದನ್ನೆಲ್ಲ ಒಬ್ಬಳೇ ಮಾಡಲು ಹೋಗಿ ನೀನು ಸೋತುಬಿಡುತ್ತೀಯೇನೋ ಅಂತ. ಇಲ್ಲಿಯೂ ಒಬ್ಬರೇ ಉತ್ಸಾಹದಿಂದ ಕಟ್ಟಿದ ಕೋರ್ಸು ಅವರು ಬೇರೆ ಕಡೆ ಹೋದ ಮೇಲೆ ಹಳೇ ಇಳಿಜಾರಿಗೇ ವಾಪಸು ಬಂದದ್ದನ್ನು ನೋಡಿದ್ದೇನೆ. ಅದಕ್ಕೆ ನಿಮ್ಮ ಕಾಲೇಜಿನ ಬಾಟನಿ ಮೇಡಂ ಜತೆ ಈ ವಾರವೇ ಕೂತು ಚಹಾ ಕುಡಿ. ಫಿಸಿಕ್ಸ್ ಗೊತ್ತಿಲ್ಲದೆ ತಮ್ಮ ಮಕ್ಕಳು ಎಲ್ಲಿ ತೊಡರುತ್ತಾರೆ ಅಂತ ಅವರನ್ನು ಕೇಳು, ಅವರು ಹೇಳಿದ್ದನ್ನು ಬರೆದುಕೊ, ನಡುವೆ ಬಾಯಿ ಹಾಕಬೇಡ. ಅವರ ಕ್ಲಾಸಿಗೆ ಹೋಗಿ ಹಿಂದೆ ಕೂರು. ಅವರನ್ನು ನಿನ್ನ ಕ್ಲಾಸಿಗೆ ಕರೆ.

ನಾನು ಡಿಸೆಂಬರಿನಲ್ಲಿ ಬರುತ್ತೇನೆ, ಆ ಹೊತ್ತಿಗೆ ಕೊನೆ ಕೊಯ್ಲು ನಡೆದಿರುತ್ತದೆ, ನಿನಗೂ ರಜೆ ಸಿಕ್ಕಿದರೆ ಒಳ್ಳೆಯದು. ಅದಕ್ಕೆ ಮುಂಚೆ ನಿನ್ನ ಮೊದಲ ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯನ್ನು ಜೆರಾಕ್ಸ್‌ಗೆ ಕೊಡುವ ಮೊದಲು ನನಗೊಮ್ಮೆ ಕಳಿಸು. ಅದರಲ್ಲಿ ಎಲ್ಲಾದರೂ ಇಳಿಜಾರಿನ ಮೇಲೆ ಕಪ್ಪೆ ಕಂಡರೆ ಇಲ್ಲಿಂದಲೇ ಫೋನ್ ಮಾಡಿ ಬೈಯುತ್ತೇನೆ.

ನಿನ್ನ ಪ್ರೀತಿಯ
ಅತ್ತೆ